ದೀಪ ಆರಿಸಿ ಕೇಳಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೊಬೈಲ್‌ನಲ್ಲೇ ರೆಕಾರ್ಡ್ ಮಾಡಿ ಕನ್ನಡದಲ್ಲಿ ಕಥೆಯ ಪಾಡ್‌ಕಾಸ್ಟ್ ಶುರು ಮಾಡಿದ್ದೇನೆ. ಮೂರು ಕಂತು ಆಯಿತು. ಕೇಳಿದವರೆಲ್ಲ "ಚೆನ್ನಾಗಿದೆ, ಆದರೆ ಯಾರೋ ಪುಸ್ತಕ ಓದಿದ ಹಾಗಿದೆ" ಅನ್ನುತ್ತಾರೆ. ಯಾವ ಆಡಿಯೋ ನಾಟಕ ಕೇಳಿದರೆ ದಾರಿ ಸಿಕ್ಕೀತು?
(ಓದುಗರೊಬ್ಬರು, ಶಿರಸಿ)

ಉತ್ತರ: ನಿಮ್ಮ ಕಂತು ನಾನು ಕೇಳಿಲ್ಲ, ಆದರೂ ಒಂದು ಅಂದಾಜು. ನಿಮ್ಮ ಪಾತ್ರಗಳು ಕಂಡದ್ದನ್ನೆಲ್ಲ ಬಾಯಲ್ಲಿ ಹೇಳುತ್ತಿರಬೇಕು, ಅಲ್ವಾ? "ಅಯ್ಯೋ, ನಿನ್ನ ಕೈಯಲ್ಲಿ ಕತ್ತಿ ಇದೆ!" ಅನ್ನುವ ಥರದ ಮಾತು. ಕತ್ತಿ ಕಂಡವರು ವರದಿ ಒಪ್ಪಿಸುತ್ತಾ ನಿಲ್ಲುವುದಿಲ್ಲ, ಓಡುತ್ತಾರೆ. ಬರೆಯುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಏನೂ ಕಾಣದಿರುವುದಕ್ಕೆ ಕಥೆಯೊಳಗೇ ಏನು ಕಾರಣ?

1924ರ ಜನವರಿ 15ರಂದು ಬಿಬಿಸಿ ಒಂದು ಪುಟ್ಟ ನಾಟಕ ಪ್ರಸಾರ ಮಾಡಿತು. ರಿಚರ್ಡ್ ಹ್ಯೂಸ್ ಬರೆದದ್ದು, ಹೆಸರು 'ಎ ಕಾಮಿಡಿ ಆಫ್ ಡೇಂಜರ್'. ರೇಡಿಯೋಗೆಂದೇ ಬರೆದ ಮೊದಮೊದಲ ನಾಟಕಗಳಲ್ಲಿ ಒಂದು. ವೇಲ್ಸ್‌ನ ಕಲ್ಲಿದ್ದಲು ಗಣಿ ನೋಡಲು ಬಂದವರಿದ್ದಾರೆ, ಶುರುವಿನಲ್ಲೇ ದೀಪ ಆರಿಹೋಗುತ್ತದೆ. ಮುಗೀತು! ಪಾತ್ರಗಳಿಗೂ ಏನೂ ಕಾಣದು, ಕೇಳುವವರಿಗೂ ಕಾಣದು, ಈಗ ಯಾರಾದರೂ "ಎಲ್ಲಿದ್ದೀಯ?" ಅಂತ ಕೂಗಿದರೆ ಅದು ಸಹಜವಾದ ಮಾತು, ನಾಟಕದ ಮಾತಲ್ಲ. ಕತ್ತಲೆಗೆ ಖರ್ಚೂ ಇಲ್ಲ ನೋಡಿ.

ಇನ್ನೊಂದು 'ಸಾರಿ, ರಾಂಗ್ ನಂಬರ್'. ಲೂಸಿಲ್ ಫ್ಲೆಚರ್ ಬರೆದದ್ದು, ಅಮೆರಿಕದ ಸಿಬಿಎಸ್‌ನಲ್ಲಿ 1943ರ ಮೇ 25ರಂದು ಬಂದದ್ದು. ಹಾಸಿಗೆ ಹಿಡಿದ ಹೆಂಗಸೊಬ್ಬಳು ಫೋನ್ ಮಾಡುತ್ತಾಳೆ, ಲೈನ್ ಅಡ್ಡಾದಿಡ್ಡಿ ಸೇರಿ ಇಬ್ಬರು ಗಂಡಸರು ಕೊಲೆಯ ಮಾತಾಡುವುದು ಕಿವಿಗೆ ಬೀಳುತ್ತದೆ. (ಲ್ಯಾಂಡ್‌ಲೈನ್ ಕಾಲದವರಿಗೆ ಈ ಕ್ರಾಸ್‌ಟಾಕ್ ಏನು ಅಂತ ಹೇಳಬೇಕಿಲ್ಲ.) ಅಲ್ಲಿಂದ ಆಪರೇಟರ್, ಪೊಲೀಸ್, ಮತ್ತೆ ಆಪರೇಟರ್, ಯಾರೂ ನಂಬಲ್ಲ. ಆ ಹೆಂಗಸಿನ ಪಾತ್ರ ಮಾಡಿದ ಆಗ್ನೆಸ್ ಮೂರ್‌ಹೆಡ್ ದನಿಯಲ್ಲಿ ಸಿಡುಕು ನಿಧಾನಕ್ಕೆ ಭಯವಾಗುವುದನ್ನು ಕೇಳಬೇಕು. ನಿಮ್ಮ ಹತ್ತಿರ ಒಬ್ಬರೇ ನಟಿ, ಒಂದೇ ಮೊಬೈಲ್ ಇದ್ದರೂ ಇಂಥದ್ದು ಮಾಡಬಹುದು.

ಆರ್ಸನ್ ವೆಲ್ಸ್ ತಂಡದ 'ದಿ ವಾರ್ ಆಫ್ ದಿ ವರ್ಲ್ಡ್ಸ್' (1938ರ ಅಕ್ಟೋಬರ್ 30) ಗೊತ್ತೇ ಇರುತ್ತದೆ, ಮಂಗಳ ಗ್ರಹದವರ ದಾಳಿಯನ್ನು ಸುದ್ದಿಯ ಹಾಗೆ ಹೇಳಿದ ರೇಡಿಯೋ ನಾಟಕ. ದೇಶವೆಲ್ಲ ಬೀದಿಗೆ ಬಂತು ಅನ್ನುವುದನ್ನು ಪತ್ರಿಕೆಗಳು ಜಾಸ್ತಿಯೇ ಉಬ್ಬಿಸಿದವು, ಅದನ್ನು ಬಿಡಿ. ಕಲಿಯಬೇಕಾದ್ದು ಬೇರೆ. ಸಂಗೀತ ನಡೆಯುತ್ತಿರುತ್ತದೆ, ಸುದ್ದಿ ಅಡ್ಡ ಬರುತ್ತದೆ, ಮತ್ತೆ ಸಂಗೀತ. ಆಮೇಲೆ ವರದಿಗಾರ ಮಾತಿನ ಮಧ್ಯದಲ್ಲೇ ನಿಂತುಹೋಗುತ್ತಾನೆ. ಕೆಲವು ಸೆಕೆಂಡ್ ಏನೂ ಇಲ್ಲ. ಆ ಪಾತ್ರ ಮಾಡಿದ ಫ್ರಾಂಕ್ ರೆಡಿಕ್, 1937ರಲ್ಲಿ ಹಿಂಡನ್‌ಬರ್ಗ್ ವಾಯುನೌಕೆ ಉರಿದಾಗಿನ ರೇಡಿಯೋ ವರದಿಯನ್ನು ಮತ್ತೆ ಮತ್ತೆ ಕೇಳಿ ತಯಾರಾಗಿದ್ದರು. ನನಗೆ ಇಡೀ ನಾಟಕಕ್ಕಿಂತ ಆ ಮೌನವೇ ಇಷ್ಟ.

ಈಚಿನ ಪಾಡ್‌ಕಾಸ್ಟ್‌ಗಳಲ್ಲಿ, 2012ರಲ್ಲಿ ಶುರುವಾದ 'ವೆಲ್ಕಮ್ ಟು ನೈಟ್ ವೇಲ್' ಮರುಭೂಮಿಯ ವಿಚಿತ್ರ ಊರೊಂದರ ಸಮುದಾಯ ರೇಡಿಯೋ ಸುದ್ದಿಯ ರೂಪದಲ್ಲಿದೆ. 2016ರಿಂದ 2021ರವರೆಗೆ 200 ಕಂತು ಬಂದ 'ದಿ ಮ್ಯಾಗ್ನಸ್ ಆರ್ಕೈವ್ಸ್'ನಲ್ಲಿ ಪಾತ್ರಗಳು ಟೇಪ್ ರೆಕಾರ್ಡರ್ ಮುಂದೆ ಕೂತು ಭಯದ ಕಥೆಗಳನ್ನು ದಾಖಲಿಸುತ್ತವೆ. ಎರಡರಲ್ಲೂ ಹೆಚ್ಚಿನ ಹೊತ್ತು ಒಬ್ಬರೇ ಮಾತಾಡುತ್ತಾರೆ, ಆದರೂ ಪುಸ್ತಕ ಓದಿದ ಹಾಗೆ ಕೇಳುವುದಿಲ್ಲ. ಅವರು ಮಾತಾಡುತ್ತಿರುವುದಕ್ಕೆ ಕಥೆಯಲ್ಲೇ ಕಾರಣವಿದೆ.

ಪ್ರಶ್ನೆ: ಎಲ್ಲ ಇಂಗ್ಲಿಷೇ ಆಯ್ತಲ್ಲ. ಕನ್ನಡದಲ್ಲಿ ಏನು ಕೇಳಲಿ?
(ಅದೇ ಓದುಗರು)

ಉತ್ತರ: ಶಿರಸಿಯಲ್ಲಿದ್ದುಕೊಂಡು ಇದನ್ನು ಕೇಳ್ತೀರಾ! ತಾಳಮದ್ದಳೆಗೆ ಹೋಗಿ, ಯಕ್ಷಗಾನದ್ದೇ ಕೂತು ಮಾತಾಡುವ ರೂಪ ಅದು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಪದ, ಮದ್ದಳೆ, ಚೆಂಡೆ, ಉಳಿದದ್ದೆಲ್ಲ ಕೂತಲ್ಲೇ ಮಾತು. ಅರ್ಥಧಾರಿಯ (ಅಂದರೆ ಪಾತ್ರವಾಗಿ ಮಾತಾಡುವವರ) ಪೀಠಿಕೆ, ಅಂದರೆ ಶುರುವಿನ ಮಾತು, ಗಮನಿಸಿ, ಕೆಲವೇ ನಿಮಿಷದಲ್ಲಿ ಪಂಚೆ ಶರ್ಟಿನ ಮನುಷ್ಯ ಮಾಯವಾಗಿ ಕರ್ಣ ಕೂತಿರುತ್ತಾನೆ. ಎದುರಾಳಿ ಎಲ್ಲಿ ಬಾಯಿ ಹಾಕುತ್ತಾನೆ, ಎಲ್ಲಿ ಸುಮ್ನೆ ಇರುತ್ತಾನೆ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ ನಿಮ್ಮ ಮೂರನೇ ಕಂತನ್ನು ದೀಪ ಆರಿಸಿಕೊಂಡು ಕೇಳಿ. ನಾಲ್ಕನೆಯದು ಬಂದಾಗ ನಮಗೂ ಕಳಿಸಿ.