ಸಿಂಕೋನಾ ಮರ ದಕ್ಷಿಣ ಅಮೆರಿಕದಿಂದ ಏಷ್ಯಾಗೆ ಬಂದಿದ್ದು ಹೇಗೆ?
ಹೆಚ್ಚುಕಮ್ಮಿ ಕದ್ದೇ ತಂದಿದ್ದು. ಮಲೇರಿಯಾಗೆ ಕೊಡೋ ಕ್ವಿನೈನ್ ಬರೋದು ಈ ಮರದ ತೊಗಟೆಯಿಂದ, ಮರ ಇದ್ದಿದ್ದು ಆಂಡಿಸ್ ಬೆಟ್ಟಗಳ ಕಡೆ, ಯುರೋಪಿನವರಿಗೋ ಬಿಸಿ ದೇಶಗಳಲ್ಲಿ ಸೈನ್ಯ ಇಟ್ಕೊಂಡು ಆಳೋಕೆ ಅದು ಬೇಕೇ ಬೇಕಿತ್ತು. 1860ರಲ್ಲಿ ಬ್ರಿಟಿಷರ ಪರವಾಗಿ ಕ್ಲೆಮೆಂಟ್ಸ್ ಮಾರ್ಕಮ್ ಪೆರುವಿಗೆ ಹೋಗಿ, ಅಲ್ಲಿನವರು ಬೇಡ ಅಂದ್ರೂ ಸಸಿ ಸಾಗಿಸಿದ, ಆಮೇಲೆ ನೀಲಗಿರಿಯಲ್ಲಿ ತೋಟ ಎದ್ವು.

ಆದ್ರೆ ದುಡ್ಡು ಮಾಡಿದ್ದು ಡಚ್ಚರು. ಬೊಲಿವಿಯಾದ ಮೂಲನಿವಾಸಿ ಮಾನುಯೆಲ್ ಮಾಮಾನಿ ಆರಿಸಿಕೊಟ್ಟ ಒಳ್ಳೆ ತಳಿ ಬೀಜನ ಅಲ್ಲಿದ್ದ ಇಂಗ್ಲಿಷ್ ವ್ಯಾಪಾರಿ ಚಾರ್ಲ್ಸ್ ಲೆಡ್ಜರ್ 1865ರಲ್ಲಿ ಲಂಡನ್ನಿಗೆ ಕಳಿಸಿದ, ಬ್ರಿಟಿಷ್ ಸರ್ಕಾರ ತಗೊಳ್ಲಿಲ್ಲ (ಎಂಥಾ ಅವಕಾಶ ಬಿಟ್ರು ನೋಡಿ!), ಡಚ್ಚರು ಒಂದು ಪೌಂಡ್ ತೂಕದ ಬೀಜ ಕೊಂಡು ಜಾವಾದಲ್ಲಿ ಬಿತ್ತಿದ್ರು, 1930ರ ಹೊತ್ತಿಗೆ ಜಗತ್ತಿನ ಬಹುಪಾಲು ಕ್ವಿನೈನ್ ಅವರ ಕೈಲೇ ಇತ್ತು. ಮಾಮಾನಿಗೆ ಸಿಕ್ಕಿದ್ದು ಜೈಲು, ಅಲ್ಲಿ ತಿಂದ ಏಟಿಂದಲೇ ಸತ್ತ.