ಬಾಗಿಲು ಹಾಕ್ಕೊಂಡು ಮಾತಾಡಿದರೆ ತಪ್ಪೇನು?

ಪತ್ರ: "ಅಮೆರಿಕದ ಎರಡೂ ಪಕ್ಷಗಳು ರಾಜಿಯಾಗಬೇಕು ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ತತ್ವ ಇರುವವನು ರಾಜಿಯಾಗುವುದಿಲ್ಲ. ಮುಚ್ಚಿದ ಕೋಣೆಯ ವ್ಯಾಪಾರವನ್ನು ಪ್ರಜಾಪ್ರಭುತ್ವ ಅನ್ನಬೇಡಿ. ನನ್ನ ಮಗ ಅಲ್ಲಿ ವರ್ಷಗಟ್ಟಲೆಯಿಂದ ಗ್ರೀನ್ ಕಾರ್ಡ್‌ಗೆ ಕಾಯುತ್ತಿದ್ದಾನೆ. ಅವರ ಬಣ್ಣ ನನಗೆ ಗೊತ್ತು." – ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಮೇಷ್ಟ್ರೇ, ನಿಮ್ಮ ಅಕ್ಷರ ಎಷ್ಟು ದುಂಡಗಿದೆ ಅಂದರೆ ಬೈಗುಳ ಕೂಡ ಚೆಂದ ಕಾಣುತ್ತದೆ.

ನಿಮ್ಮ ಮಾತಲ್ಲಿ ಹುರುಳಿಲ್ಲ ಅಂತಲ್ಲ. ಗುಲಾಮಗಿರಿ ಕುರಿತು ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಆದ 1850ರ ರಾಜಿಯಲ್ಲಿ ಓಡಿಹೋದ ಗುಲಾಮರನ್ನು ಹಿಡಿದು ಮಾಲೀಕರಿಗೆ ಒಪ್ಪಿಸುವ ಕಾನೂನೂ ಸೇರಿತ್ತು. ಬಿಳಿಯರು ಬಿಳಿಯರು ಕೈ ಕುಲುಕಿದರು, ಬೆಲೆ ತೆತ್ತವರು ಆ ಕೋಣೆಯಲ್ಲಿ ಇರಲೇ ಇಲ್ಲ. ಒಪ್ಪಿದೆ.

ಆದರೆ 1964 ನೋಡಿ. ಜನಾಂಗ ಭೇದ ನಿಷೇಧಿಸುವ ನಾಗರಿಕ ಹಕ್ಕುಗಳ ಮಸೂದೆ ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ಗೆ ಬಂತು. ಅಧ್ಯಕ್ಷ ಜಾನ್ಸನ್ ಡೆಮಾಕ್ರಟಿಕ್ ಪಕ್ಷದವರು, ಸೆನೆಟ್‌ನಲ್ಲಿ ಬಹುಮತವೂ ಅವರದ್ದೇ. ಅಡ್ಡ ಮಲಗಿದವರು ಮಾತ್ರ ಅದೇ ಪಕ್ಷದ ದಕ್ಷಿಣದ ಸದಸ್ಯರು. ಮಾತಾಡಿ ಮಾತಾಡಿಯೇ ಮಸೂದೆ ಕೊಲ್ಲುವ ಫಿಲಿಬಸ್ಟರ್ ಶುರುವಾಯಿತು. ಅದನ್ನು ನಿಲ್ಲಿಸಲು ಮೂರರಲ್ಲಿ ಎರಡು ಪಾಲು ಮತ ಬೇಕು. ಮಸೂದೆಯ ಹೊಣೆ ಹೊತ್ತಿದ್ದ ಹ್ಯೂಬರ್ಟ್ ಹಂಫ್ರಿ ಏನು ಮಾಡಿದರು? ಎದುರು ಪಕ್ಷದ, ಅಂದರೆ ರಿಪಬ್ಲಿಕನ್ನರ, ನಾಯಕ ಎವರೆಟ್ ಡರ್ಕ್ಸನ್ ಜೊತೆ ಕೂತು ಪದ ಪದಕ್ಕೂ ಚೌಕಾಸಿ ಮಾಡಿದರು. ಕೆಲಸದಲ್ಲಿ ಭೇದಭಾವ ಆಯಿತು ಅನ್ನುವ ದೂರನ್ನು ಮೊದಲು ರಾಜ್ಯದ ಸಂಸ್ಥೆಗಳೇ ನೋಡಲಿ ಎಂಬಂಥ ತಿದ್ದುಪಡಿಗಳು ಒಳಗೆ ಬಂದವು. ಬೆನ್ನೆಲುಬು ಉಳಿಯಿತು. ಜೂನ್ 10ರಂದು 71–29ರಲ್ಲಿ ಫಿಲಿಬಸ್ಟರ್ ಮುರಿಯಿತು. ಅವತ್ತು ಕ್ಯಾಲಿಫೋರ್ನಿಯಾದ ಕ್ಲೇರ್ ಎಂಗಲ್ ಅವರನ್ನು ಗಾಲಿಕುರ್ಚಿಯಲ್ಲಿ ಕರೆತಂದಿದ್ದರು. ಮೆದುಳಲ್ಲಿ ಗೆಡ್ಡೆ, ಬಾಯಿಂದ ಮಾತು ಹೊರಡದು. ಹೆಸರು ಕೂಗಿದಾಗ ನಿಧಾನಕ್ಕೆ ಕೈ ಎತ್ತಿ ತಮ್ಮ ಕಣ್ಣು ತೋರಿಸಿದರು. ಇಂಗ್ಲಿಷಿನಲ್ಲಿ ಕಣ್ಣು ಅನ್ನುವ 'ಐ'ಗೂ, ಮತ ಹಾಕುವಾಗ ಹೌದು ಅನ್ನುವ 'ಐ'ಗೂ ಒಂದೇ ಉಚ್ಚಾರ. ಅದೇ ಅವರ 'ಹೌದು'. ಆ ಮತದ ಹಿಂದೆ ಮುಚ್ಚಿದ ಕೋಣೆಯ ವ್ಯಾಪಾರ ಇತ್ತು, ಮೇಷ್ಟ್ರೇ. ಅದನ್ನೂ ತತ್ವಗೇಡಿತನ ಅಂತೀರಾ?

ತಮಾಷೆ ಏನು ಗೊತ್ತಾ? 1950ರಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞರ ಸಂಘದ ಒಂದು ಸಮಿತಿ ವರದಿ ಕೊಟ್ಟು, ನಮ್ಮ ಪಕ್ಷಗಳು ಸಡಿಲವಾಗಿವೆ, ಶಿಸ್ತಿನಿಂದ ಬೇರೆ ಬೇರೆ ಕಾರ್ಯಕ್ರಮ ಮುಂದಿಡಬೇಕು ಅಂದಿತ್ತು. ಕೇಳಿದ್ದು ಸಿಕ್ಕಿತು, ಈಗ ಅದೇ ಪಂಡಿತರ ಶಿಷ್ಯಂದಿರು ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ. ಈಗ ಯಾಕೆ ರಾಜಿ ಆಗುತ್ತಿಲ್ಲ ಅನ್ನುವುದಕ್ಕೆ ಫ್ರಾನ್ಸಿಸ್ ಲೀ ಎಂಬ ವಿದ್ವಾಂಸೆಯ ವಾದ ನನಗೆ ಸರಿ ಕಾಣುತ್ತದೆ. ಮೊದಲು ಡೆಮಾಕ್ರಟರು ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯನ್ನು ಸತತ 40 ವರ್ಷ ಆಳಿದರು. ಗೆಲ್ಲುವ ಆಸೆಯೇ ಇಲ್ಲದ ರಿಪಬ್ಲಿಕನ್ನರು ಸಿಕ್ಕಷ್ಟು ದಕ್ಕಿಸಿಕೊಳ್ಳುತ್ತಿದ್ದರು. ಈಗ ಪ್ರತಿ ಎರಡು ವರ್ಷಕ್ಕೂ ಬಹುಮತ ತೂಗುಯ್ಯಾಲೆ. ಸುಮ್ನೆ ಎದುರಾಳಿಗೆ ಗೆಲುವು ಯಾಕೆ ಕೊಡಬೇಕು, ಅಲ್ವಾ?

ಅದರ ಮೇಲೆ ಕ್ಯಾಮೆರಾ. 1979ರಿಂದ ಪ್ರತಿನಿಧಿ ಸಭೆ ಟೀವಿಯಲ್ಲಿ ನೇರಪ್ರಸಾರ ಆಗುತ್ತಿದೆ. ರಿಪಬ್ಲಿಕನ್ ಸದಸ್ಯ ನ್ಯೂಟ್ ಗಿಂಗ್ರಿಚ್ ಬಳಗದವರು ಸಭೆ ಮುಗಿದ ಮೇಲೆ ನಿಂತು ಎದುರಾಳಿಗಳನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. 1984ರಲ್ಲಿ ಡೆಮಾಕ್ರಟಿಕ್ ಪಕ್ಷದ ಸ್ಪೀಕರ್ ಟಿಪ್ ಓ'ನೀಲ್ ರೇಗಿಹೋಗಿ, ಕ್ಯಾಮೆರಾ ಸುತ್ತಲೂ ತಿರುಗಿಸಿ ಅಂದರು. ಎಲ್ಲಾ ಖಾಲಿ ಕುರ್ಚಿ! ಗಿಂಗ್ರಿಚ್‌ಗೆ ಅದರಿಂದ ಹೆಸರು ಇನ್ನೂ ಜಾಸ್ತಿಯೇ ಆಯಿತು.

ನಿಮ್ಮ ಮಗನ ವಿಷಯಕ್ಕೆ ಬರ್ತೀನಿ. ಉದ್ಯೋಗದ ಗ್ರೀನ್ ಕಾರ್ಡ್‌ನಲ್ಲಿ ಒಂದೊಂದು ದೇಶಕ್ಕೂ ಸುಮಾರು 7 ಶೇಕಡಾ ಮಿತಿ ಇದೆ. ನಮ್ಮವರ ಸಾಲು ಉದ್ದವಾಗಿರುವುದು ಅದಕ್ಕೇ. 2013ರಲ್ಲಿ ಎರಡೂ ಪಕ್ಷದ ಎಂಟು ಸೆನೆಟರ್‌ಗಳು ತಿಂಗಳುಗಟ್ಟಲೆ ಒಳಗೊಳಗೇ ಮಾತಾಡಿ ಒಂದು ವಲಸೆ ಮಸೂದೆ ಕಟ್ಟಿದರು. ಆ ಮಿತಿಯನ್ನು ತೆಗೆಯುವ ಅಂಶವೂ ಅದರಲ್ಲಿತ್ತು. ಸೆನೆಟ್ 68–32ರಲ್ಲಿ ಒಪ್ಪಿತು. ಪ್ರತಿನಿಧಿ ಸಭೆಯ ಸ್ಪೀಕರ್ ಜಾನ್ ಬೇನರ್ ಅದನ್ನು ಮತಕ್ಕೇ ಹಾಕಲಿಲ್ಲ, ತನ್ನ ಪಕ್ಷದ ಬಹುಪಾಲು ಜನ ಒಪ್ಪದ ಮಸೂದೆ ಬೇಡ ಅಂತ. ನಿಮ್ಮ ಮಗ ಕಾಯುತ್ತಿರುವುದಕ್ಕೆ ನೀವು ಹೊಗಳುವ ಆ ಗಟ್ಟಿ ತತ್ವದ ಪಾಲೂ ಇದೆ.

ನಮ್ಮ ಪತ್ರಿಕೆಯಲ್ಲೂ ಅದೇ ಹಣೆಬರಹ ಬಿಡಿ. ಎರಡು ಕಡೆಯ ಲೇಖನವನ್ನು ಅಕ್ಕಪಕ್ಕ ಹಾಕಿದರೆ ಎರಡು ಕಡೆಯವರೂ ಚಂದಾ ನಿಲ್ಲಿಸುತ್ತೇವೆ ಅಂತ ಬರೆಯುತ್ತಾರೆ. ಬರೀ ಒಂದು ಕಡೆ ಹಾಕಿದರೆ ಕಾಗದವೇ ಇಲ್ಲ, ಫೋನೇ ಇಲ್ಲ. ನೀವು ಬೈದು ಬರೆದಿರಿ, ಆದರೆ ಚಂದಾ ನಿಲ್ಲಿಸುವ ಮಾತೆತ್ತಲಿಲ್ಲ. ಅದನ್ನು ಗಮನಿಸಿದ್ದೇನೆ.