ಕೆಎಲ್ 14ರ ಅಂಗಡಿ, ಕೆಎ 21ರ ಗಿರಾಕಿ

ಕೇರಳದಲ್ಲಿ ಕೂತು ಕನ್ನಡದಲ್ಲಿ ವ್ಯಾಪಾರ ಮಾಡುವುದು ಕಷ್ಟ ಆಗುವುದಿಲ್ವಾ ಅಂತ ಕೇಳಿದ್ದೀರಿ. ಬೆಂಗಳೂರು ಕಡೆಯವರು ಮೊದಲು ಕೇಳುವುದು ಇದನ್ನೇ. ನಿಜ ಹೇಳಬೇಕೆಂದರೆ ಮಾತಿನಿಂದ ನನಗೆ ಯಾವತ್ತೂ ತೊಂದರೆ ಆಗಿಲ್ಲ. ತೊಂದರೆ ಬರುವುದು ಕಾಗದ ಕೈಗೆ ಬಂದಾಗ. ಬಿಲ್ಲು, ಆಧಾರ್, ಅರ್ಜಿ, ಪರ್ಮಿಟ್, ಇಂಥದ್ದರಲ್ಲಿ. ಅದನ್ನು ಹೇಳುವ ಮೊದಲು ಊರು ಹೇಳಿಬಿಡುತ್ತೇನೆ.

ನಮ್ಮದು ಪೆರ್ಲ. ಕಾಸರಗೋಡು ಜಿಲ್ಲೆ, ಎಣ್ಮಕಜೆ ಪಂಚಾಯತು. ಚೆರ್ಕಳದಿಂದ ಬದಿಯಡ್ಕ ದಾಟಿ ಕಲ್ಲಡ್ಕಕ್ಕೆ ಹೋಗುವ ರಸ್ತೆಯಲ್ಲಿ ಸಿಗುವ ಸಣ್ಣ ಪೇಟೆ. ಸ್ವಲ್ಪ ಮುಂದೆ ಹೋದರೆ ಸಾರಡ್ಕ, ಅಲ್ಲಿಗೆ ಕೇರಳ ಮುಗಿಯಿತು. ಆಮೇಲೆ ಕರ್ನಾಟಕದ ಅಡ್ಯನಡ್ಕ, ವಿಟ್ಲ. ರಸ್ತೆಯ ಪಕ್ಕದ ಗುಡ್ಡ ಅದೇ, ಅಡಿಕೆ ತೋಟ ಅದೇ, ಮಳೆಯೂ ಅದೇ. ಬೋರ್ಡಿನ ಅಕ್ಷರ ಮಾತ್ರ ಬೇರೆ.

ನನ್ನದು ಹಾರ್ಡ್‌ವೇರ್ ಅಂಗಡಿ. ಹಾರ್ಡ್‌ವೇರ್ ಅಂದರೆ ಬರೀ ಮೊಳೆ, ಚಿಲಕ ಅಲ್ಲ. ಪೈಪು, ಹಗ್ಗ, ಕತ್ತಿ, ಟಾರ್ಪಾಲು, ಸ್ಪ್ರೇಯರಿನ ಬಿಡಿಭಾಗ, ಎಲ್ಲಕ್ಕಿಂತ ಜಾಸ್ತಿ ಮೈಲುತುತ್ತು, ಅಂದರೆ ಕಾಪರ್ ಸಲ್ಫೇಟ್. ಈ ಊರಿನ ವ್ಯಾಪಾರ ನಿಂತಿರುವುದೇ ಅಡಿಕೆಯ ಮೇಲೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರುತ್ತದೆ. ಅದಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಬೇಕು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಮಳೆ ಹಿಡಿಯುವ ಹೊತ್ತಿಗೆ ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ. ಮೇ ಕೊನೆಗೆ ನೀವು ನನ್ನ ಅಂಗಡಿಗೆ ಬಂದರೆ ಮಾತಾಡಲು ಪುರುಸೊತ್ತು ಸಿಗುವುದಿಲ್ಲ. ತಕ್ಕಡಿ, ಮೇಜು, ನನ್ನ ಉಗುರು, ಎಲ್ಲ ನೀಲಿ.

ಆ ಹೊತ್ತಿನಲ್ಲಿ ಕೌಂಟರಿನಲ್ಲಿ ನಿಂತು ಕೇಳಬೇಕು ನೀವು. ಭಟ್ಟರು ಹವ್ಯಕ ಕನ್ನಡದಲ್ಲಿ ರೇಟು ಕೇಳುತ್ತಾರೆ. ಅವರ ಜೊತೆ ಬಂದ ಕೆಲಸದವರು ತುಳುವಿನಲ್ಲಿ ಚೀಲ ಎಣಿಸುತ್ತಾರೆ. ಪಕ್ಕದಲ್ಲಿ ಒಬ್ಬರು ಬ್ಯಾರಿ ಭಾಷೆಯಲ್ಲಿ ಫೋನಿನಲ್ಲಿದ್ದಾರೆ. ಇನ್ನೊಬ್ಬರು ಮಲಯಾಳದಲ್ಲಿ ಪೈಪಿನ ಅಳತೆ ಹೇಳುತ್ತಿದ್ದಾರೆ. ಕರಾಡ ಮರಾಠಿ, ಕೊಂಕಣಿಯವರೂ ಇದ್ದಾರೆ. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಅಂತ ಭಾಷಣದಲ್ಲಿ ಹೇಳುತ್ತಾರೆ. ಈಗ ತೋಟದ ಕೆಲಸಕ್ಕೆ ಅಸ್ಸಾಂ, ಬಂಗಾಳದ ಹುಡುಗರು ಬಂದ ಮೇಲೆ ಹಿಂದಿಯೂ ಸೇರಿತು. ಗಿರಾಕಿ ಯಾವ ಭಾಷೆಯಲ್ಲಿ ಬಾಯಿ ತೆರೆಯುತ್ತಾರೋ ಅದರಲ್ಲೇ ಉತ್ತರ ಬರುತ್ತದೆ. ಯೋಚನೆ ಮಾಡಿ ಬದಲಾಯಿಸುವುದೇನಿಲ್ಲ. ದ್ರಾವಣ ಹದಕ್ಕೆ ಬಂತಾ ಅಂತ ನೋಡುವುದು ಹೇಗೆ ಅಂತ ಹೊಸಬರು ಕೇಳಿದರೆ ಐದು ಭಾಷೆಯಲ್ಲೂ ಹೇಳಬಲ್ಲೆ: ಕಬ್ಬಿಣದ ಕತ್ತಿ ಅದ್ದಿ ತೆಗೆಯಿರಿ, ಕೆಂಪು ಬಣ್ಣ ಹಿಡಿದರೆ ಇನ್ನೂ ಸ್ವಲ್ಪ ಸುಣ್ಣ ಹಾಕಿ.

ಈಗ ಕಾಗದದ ವಿಷಯಕ್ಕೆ ಬರುತ್ತೇನೆ.

ನನ್ನ ಗಿರಾಕಿಗಳಲ್ಲಿ ಗಡಿಯ ಆಚೆಯವರು ಬಹಳ ಜನ. ಗಾಡಿಯ ನಂಬರಿನಲ್ಲಿ ಕೆಎ 21 ಅಂದರೆ ಪುತ್ತೂರು, ಕೆಎ 19 ಅಂದರೆ ಮಂಗಳೂರು. ನಮ್ಮದು ಕೆಎಲ್ 14. ಮನೆ ಆಚೆ, ತೋಟ ಈಚೆ ಇರುವವರೂ ಇದ್ದಾರೆ. ಜಿಎಸ್‌ಟಿಯಲ್ಲಿ ನಾನು ಕಾಂಪೊಸಿಷನ್ ಸ್ಕೀಮಿನಲ್ಲಿದ್ದೇನೆ. ಸಣ್ಣ ವ್ಯಾಪಾರಿಗೆ ಅದು ಸುಲಭ. ಒಟ್ಟು ವ್ಯಾಪಾರದ ಮೇಲೆ ಶೇಕಡಾ 1 ಕಟ್ಟಿದರೆ ಆಯಿತು, ತಿಂಗಳು ತಿಂಗಳು ರಿಟರ್ನಿನ ಗೋಜಿಲ್ಲ. ಆದರೆ ಅದರಲ್ಲಿ ಒಂದು ಷರತ್ತು ಉಂಟು. ಬೇರೆ ರಾಜ್ಯದಿಂದ ಮಾಲು ತರಿಸಬಹುದು, ಬೇರೆ ರಾಜ್ಯಕ್ಕೆ ಕಳಿಸಬಾರದು. ದೊಡ್ಡ ಪೇಟೆಯ ಅಂಗಡಿಯವನಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ನನಗೆ ಬೇರೆ ರಾಜ್ಯ ಅಂದರೆ ಸಾರಡ್ಕದ ಆಚೆ! ಅಡ್ಯನಡ್ಕದವರು ಫೋನ್ ಮಾಡಿ "ಪೈಪು ಪಿಕಪ್ಪಿನಲ್ಲಿ ಕಳಿಸಿ ಮಾರಾಯ್ರೆ" ಅಂದರೆ ನಾನು ಕಳಿಸುವಂತಿಲ್ಲ. ಅವರೇ ಜೀಪು ತಂದು, ನನ್ನ ಕೌಂಟರಿನಲ್ಲಿ ದುಡ್ಡು ಕೊಟ್ಟು, ಕೌಂಟರಿನಲ್ಲೇ ಮಾಲು ತೆಗೆದುಕೊಂಡರೆ ಅದು ಕೇರಳದ ಒಳಗಿನ ವ್ಯಾಪಾರ, ಏನೂ ತೊಂದರೆ ಇಲ್ಲ. ಅದೇ ಪೈಪು, ಅದೇ ಮನುಷ್ಯ, ಅದೇ ರಸ್ತೆ. ಡ್ರೈವರ್ ಯಾರ ಕಡೆಯವನು ಅನ್ನುವುದಷ್ಟೇ ಪ್ರಶ್ನೆ. ಇದನ್ನು ಹಳೆಯ ಗಿರಾಕಿಗಳಿಗೆ ವಿವರಿಸಿ ಹೇಳಿದರೆ ಅವರು ನನಗೇ ಸೋಮಾರಿತನ ಅಂದುಕೊಳ್ಳುತ್ತಾರೆ.

2019ರ ಆಗಸ್ಟಿನಿಂದ ಎರಡು ವರ್ಷ ಕೇರಳದಲ್ಲಿ ಪ್ರಳಯ ಸೆಸ್ ಅಂತ ಶೇಕಡಾ 1 ಹಾಕಿದರು. 2018ರ ನೆರೆಯ ನಷ್ಟ ತುಂಬಿಸಲು. ಕಾಂಪೊಸಿಷನ್ ಅಂಗಡಿಗಳಿಗೆ ಅದು ಇರಲಿಲ್ಲ. ಆದರೆ ಪೇಪರಿನಲ್ಲಿ ಸುದ್ದಿ ಬಂದದ್ದೇ ತಡ, "ಕೇರಳದಲ್ಲಿ ಟ್ಯಾಕ್ಸ್ ಜಾಸ್ತಿ" ಅಂತ ಎಷ್ಟೋ ಜನ ವಿಟ್ಲದ ದಾರಿ ಹಿಡಿದರು. ಹಾಗಂತ ಎಲ್ಲವೂ ಒಂದೇ ದಿಕ್ಕಿಗೆ ಹೋಗುವುದಿಲ್ಲ. ಪೆಟ್ರೋಲ್ ಹಾಕಿಸಲು ನಮ್ಮವರು ಆಚೆ ಹೋಗುತ್ತಾರೆ, ಅಲ್ಲಿ ಅಗ್ಗ. ಲಾಟರಿ ತೆಗೆಯಲು ಅವರು ಈಚೆ ಬರುತ್ತಾರೆ, ಅಲ್ಲಿ ನಿಷೇಧ. ನನ್ನ ಅಂಗಡಿಗೆ ಮೊಳೆಗೆ ಅಂತ ಬಂದು, ಎದುರಿನ ಮೇಜಿನಲ್ಲಿ ಲಾಟರಿ ಟಿಕೆಟಿನ ನಂಬರ್ ಆರಿಸುತ್ತಾ ನಿಂತು, ಮೊಳೆ ಮರೆತು ಹೋಗುವವರೂ ಇದ್ದಾರೆ.

ಸಾಲದ ಪುಸ್ತಕ ಇನ್ನೂ ಇದೆಯಾ ಅಂತ ಕೇಳಿದ್ದೀರಿ. ಇದೆ. ಯುಪಿಐ ಬಂದು ಚಿಲ್ಲರೆಯ ಜಗಳ ಮುಗಿಯಿತು. ಆದರೆ ಅಡಿಕೆಯವರ ಲೆಕ್ಕ ಫೋನಿನಲ್ಲಿ ಮುಗಿಯುವಂಥದ್ದಲ್ಲ. ಅವರ ದುಡ್ಡು ಅಟ್ಟದಲ್ಲಿ ಇರುತ್ತದೆ. ಹಣ್ಣಡಿಕೆ ಒಣಗಿಸಿ ಚಾಲಿ ಮಾಡಿ, ಸುಲಿದು, ರೇಟು ಏರುವವರೆಗೆ ಚೀಲ ಕಟ್ಟಿ ಇಟ್ಟಿರುತ್ತಾರೆ. ಅವರು ಕಾಯುವಷ್ಟು ದಿನ ನಾನೂ ಕಾಯಬೇಕು. ಅದಕ್ಕೇ ಬೆಳಿಗ್ಗೆ ಪೇಪರ್ ಬಂದರೆ ಮೊದಲು ನೋಡುವುದು ಕ್ಯಾಂಪ್ಕೊ ರೇಟು. 1973ರಲ್ಲಿ ಎರಡೂ ರಾಜ್ಯದ ಬೆಳೆಗಾರರಿಗೆ ಅಂತ ಹುಟ್ಟಿದ ಸಹಕಾರಿ ಅದು. ಈ ಗಡಿಯಲ್ಲಿ ಆಚೆ ಈಚೆ ಅನ್ನದೆ ಕೆಲಸ ಮಾಡುವ ಸಂಸ್ಥೆ ಯಾವುದು ಅಂತ ಕೇಳಿದರೆ ನಾನು ಮೊದಲು ಅದರ ಹೆಸರನ್ನೇ ಹೇಳುವುದು.

ಮನೆಯ ವಿಷಯ ಒಂದೆರಡು ಹೇಳುತ್ತೇನೆ, ಆಗ ನಿಮಗೆ ಸರಿಯಾಗಿ ಗೊತ್ತಾಗುತ್ತದೆ. ನನ್ನ ತಂಗಿಯನ್ನು ಕೊಟ್ಟದ್ದು ಪುತ್ತೂರಿನ ಕಡೆಗೆ. 2023ರ ಜೂನಿನಲ್ಲಿ ಕರ್ನಾಟಕದಲ್ಲಿ ಹೆಂಗಸರಿಗೆ ಬಸ್ಸು ಉಚಿತ ಆಯಿತಲ್ಲ, ಆಮೇಲೆ ಒಂದು ಸಲ ಅವಳೂ ನನ್ನ ಹೆಂಡತಿಯೂ ಪುತ್ತೂರಿನಿಂದ ಸುಬ್ರಹ್ಮಣ್ಯಕ್ಕೆ ಹೊರಟರು. ಒಂದೇ ಸೀಟಿನಲ್ಲಿ ಅತ್ತಿಗೆ, ನಾದಿನಿ. ತಂಗಿ ಆಧಾರ್ ತೋರಿಸಿದಳು, ಶೂನ್ಯ ಟಿಕೆಟ್ ಬಂತು. ನನ್ನ ಹೆಂಡತಿ ತೋರಿಸಿದಳು, ಹೆಸರು ಮಲಯಾಳ ಲಿಪಿಯಲ್ಲಿ, ವಿಳಾಸ ಕೇರಳ. "ನೀವು ದುಡ್ಡು ಕೊಡಬೇಕಮ್ಮ" ಅಂದರು ಕಂಡಕ್ಟರ್. ಪಾಪ, ಅವರದೇನೂ ತಪ್ಪಿಲ್ಲ, ನಿಯಮವೇ ಹಾಗೆ. ದುಡ್ಡು ದೊಡ್ಡ ವಿಷಯವೂ ಅಲ್ಲ. ಆದರೆ "ಕನ್ನಡ ಇಷ್ಟು ಚೆನ್ನಾಗಿ ಮಾತಾಡ್ತೀರಿ, ಎಲ್ಲಿ ಕಲಿತಿರಿ?" ಅಂತ ಅವರು ಕೇಳಿದರಂತೆ. ಅದಕ್ಕೆ ನನ್ನ ಹೆಂಡತಿ ಸುಬ್ರಹ್ಮಣ್ಯ ಮುಟ್ಟುವವರೆಗೆ ಮಾತಾಡಲಿಲ್ಲ.

ಮಗಳದ್ದು ಇನ್ನೊಂದು ಕಥೆ. ಒಂದನೇ ಕ್ಲಾಸಿನಿಂದ ಎಸ್ಸೆಸ್ಸೆಲ್ಸಿವರೆಗೆ ಇಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿದವಳು. ಕೇರಳದ ಸಿಲೆಬಸ್, ಪಾಠ ಕನ್ನಡದಲ್ಲಿ. ಹೊರಗಿನವರಿಗೆ ಹೀಗೊಂದು ಇದೆ ಅಂತಲೇ ಗೊತ್ತಿರುವುದಿಲ್ಲ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಅವಕಾಶ ಇದೆ, ಅದು ಒಳ್ಳೆಯದೇ. ಅದಕ್ಕೆ ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಪರೀಕ್ಷೆ ಬರೆಯಬೇಕು. ಆಗ ಬೆಂಗಳೂರಿಗೆ ಹೋಗಿ, ಕನ್ನಡ ಬರುತ್ತದೆ ಅಂತ ತೋರಿಸಬೇಕಿತ್ತು. ನಾನೇ ಕರೆದುಕೊಂಡು ಹೋಗಿದ್ದೆ. ಮೆಜೆಸ್ಟಿಕ್ಕಿನಲ್ಲಿ ಇಳಿದು ಆಟೋದವರ ಹತ್ತಿರ ಕನ್ನಡದಲ್ಲಿ ಕೇಳಿದೆವು, ಅವರು ಹಿಂದಿಯಲ್ಲಿ ರೇಟು ಹೇಳಿದರು. ಮಗಳು ನನ್ನ ಮುಖ ನೋಡಿ ನಕ್ಕಳು. ಪರೀಕ್ಷೆ ಪಾಸಾಯಿತು, ಇಂಜಿನಿಯರಿಂಗ್ ಆಯಿತು, ಈಗ ಕೆಲಸ ಅಲ್ಲೇ.

2020 ನೆನಪಿದೆಯಾ ನಿಮಗೆ? ಊರಿಡೀ ಲಾಕ್‌ಡೌನ್. ನಮಗೆ ಅದರ ಮೇಲೆ ಇನ್ನೊಂದು. ಮಾರ್ಚಿನಲ್ಲಿ ಕರ್ನಾಟಕದವರು ಗಡಿ ರಸ್ತೆಗಳಿಗೆ ಲೋಡುಗಟ್ಟಲೆ ಮಣ್ಣು ಸುರಿದರು. ಹೆದ್ದಾರಿಯ ತಲಪಾಡಿಯದ್ದು ಟಿವಿಯಲ್ಲಿ ಬಂತು, ಸಣ್ಣ ರಸ್ತೆಗಳದ್ದು ಬರಲಿಲ್ಲ. ನಮಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರು, ದೇರಳಕಟ್ಟೆ. ಹೆರಿಗೆ, ಹಾರ್ಟು, ಡಯಾಲಿಸಿಸ್, ಎಲ್ಲಕ್ಕೂ ಅಲ್ಲಿಗೇ. ದಾರಿ ಸಿಗದೆ ನಮ್ಮ ಜಿಲ್ಲೆಯಲ್ಲಿ ರೋಗಿಗಳು ತೀರಿಕೊಂಡರು. ಕೇಸು ಕೇರಳ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಯಿತು. ನಮ್ಮ ಉಕ್ಕಿನಡ್ಕದಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದ್ದರು. ಅದರ ಕಟ್ಟಡ ರೋಗಿಗಳನ್ನು ಕಂಡದ್ದು 2020ರ ಏಪ್ರಿಲಿನಲ್ಲಿ, ಕೋವಿಡ್ ಆಸ್ಪತ್ರೆಯಾಗಿ.

ಆ ಬೇಸಿಗೆ ಮುಗಿಯುವ ಹೊತ್ತಿಗೆ ಆಚೆಯ ಗಿರಾಕಿಗಳು ಮೈಲುತುತ್ತಿಗೆ ಫೋನ್ ಮಾಡುತ್ತಿದ್ದರು. ಮಾಲು ನನ್ನ ಹತ್ತಿರ, ತೋಟ ಅವರ ಹತ್ತಿರ. ಹೇಗೋ ಎಂತೋ, ಗುಡ್ಡದ ಕಾಲುದಾರಿ ಗೊತ್ತಿದ್ದವರು ಬಂದರು. ಅಷ್ಟು ಸಾಕು, ಜಾಸ್ತಿ ಹೇಳುವುದಿಲ್ಲ.

ನನಗೆ ಈಗ 58. ಶಟರ್ ಎತ್ತುವಾಗ ಸೊಂಟ ಹಿಡಿಯುತ್ತದೆ, ಸಕ್ಕರೆ ಇದೆ, ಮಧ್ಯಾಹ್ನ ಊಟದ ಮೇಲೆ ಕೌಂಟರಿನಲ್ಲಿ ಕಣ್ಣು ಮುಚ್ಚುತ್ತದೆ. ಮಗ ದುಬೈಯಲ್ಲಿ, ಬಂದು ಅಂಗಡಿಯಲ್ಲಿ ಕೂರುವ ಅಂದಾಜಿಲ್ಲ. ನಾನೂ ಒತ್ತಾಯ ಮಾಡುವುದಿಲ್ಲ. ಕೇರಳದಲ್ಲಿ ವ್ಯಾಪಾರಿಗಳಿಗೆ ಕ್ಷೇಮನಿಧಿ ಮಂಡಳಿ ಅಂತ ಒಂದು ಇದೆ. ಅದು ಈ ರಾಜ್ಯದ ಒಳ್ಳೆಯ ಗುಣ. ದುಡಿಯುವವರು ಯಾರೇ ಇರಲಿ, ಅವರಿಗೊಂದು ಕ್ಷೇಮನಿಧಿ ಮಾಡಿಬಿಡುತ್ತಾರೆ. ಅಷ್ಟೇ ಹರತಾಳವನ್ನೂ ಮಾಡುತ್ತಾರೆ, ಅದು ಬೇರೆ ಮಾತು.

ವಯಸ್ಸಾದದ್ದು ನನಗೊಬ್ಬನಿಗೇ ಅಲ್ಲ. ಅಡಿಕೆ ಮರ ಹತ್ತುವವರಿಗೂ ಆಯಿತು. ಅವರ ಮಕ್ಕಳು ಹತ್ತುವುದಿಲ್ಲ. ಈಗ ನೆಲದಲ್ಲೇ ನಿಂತು ಔಷಧ ಬಿಡುವ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದದ ಕೋಲು, ಬಂದಿದೆ. ಹಗುರ, ಆದರೆ ರೇಟು ಕೇಳಿದರೆ ಕೂರಬೇಕು. ಗಿರಾಕಿಗಳೂ ಬದಲಾದರು. ಅಪ್ಪ ತೀರಿಕೊಂಡ ಮೇಲೆ ಬೆಂಗಳೂರಿನಲ್ಲಿ ಕೂತು ತೋಟ ನಡೆಸುವ ಮಕ್ಕಳು ಈಗ ಜಾಸ್ತಿ. ಒಡೆದ ಪೈಪನ್ನು ವಿಡಿಯೋ ಕಾಲಿನಲ್ಲಿ ತೋರಿಸುತ್ತಾರೆ. "ಅಂಕಲ್, ಕೆಲಸದವನನ್ನು ಕಳಿಸುತ್ತೇನೆ, ಯಾವ ಸೈಜು ಬೇಕು ಅಂತ ನೀವೇ ನೋಡಿ ಕೊಡಿ, ದುಡ್ಡು ಈಗಲೇ ಹಾಕುತ್ತೇನೆ" ಅನ್ನುತ್ತಾರೆ. ಬರುವವನು ಅಸ್ಸಾಮಿನ ಹುಡುಗ. ಅವನಿಗೆ ಹಿಂದಿಯಲ್ಲಿ ಹೇಳಿ, ಫೋನಿಗೆ ಕನ್ನಡದಲ್ಲಿ ಹೇಳಿ, ಬಿಲ್ಲು ಇಂಗ್ಲಿಷಿನಲ್ಲಿ ಬರೆಯುತ್ತೇನೆ. ಇವರು ಸಾಲ ಇಡುವುದಿಲ್ಲ, ಒಪ್ಪುತ್ತೇನೆ. ಆದರೆ ಕೂತು ಎಲೆ ಹಾಕಿ ಅರ್ಧ ಗಂಟೆ ಮಾತಾಡಿ ಹೋಗುವವರು ಕಡಿಮೆಯಾದರು.

ಕೊನೆಗೆ ನೀವು ಕೇಳಿದ್ದು, ಕರ್ನಾಟಕಕ್ಕೆ ಸೇರಬೇಕಿತ್ತು ಅನಿಸುವುದಿಲ್ವಾ ಅಂತ. ನನ್ನ ಅಪ್ಪನಿಗೆ ಅನಿಸುತ್ತಿತ್ತು. ಅವರು ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ನ್ನು ಕಂಡವರು. 1967ರಲ್ಲಿ ಗಡಿ ವಿವಾದದ ಮಹಾಜನ್ ಆಯೋಗದ ವರದಿ ಬಂದು, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಬೇಕು ಅಂದಾಗ ಇನ್ನೇನು ಆಯಿತು ಅಂದುಕೊಂಡಿದ್ದರಂತೆ. ನನ್ನ ಕಾಲಕ್ಕೆ ಅದು ಸಭೆಯ ಮಾತಾಗಿ ಉಳಿಯಿತು. ಒಂದೇ ನವೆಂಬರ್ 1ಕ್ಕೆ ಆಚೆ ರಾಜ್ಯೋತ್ಸವ, ಈಚೆ ಕೇರಳ ಪಿರವಿ. ಬೆಂಗಳೂರಿನಿಂದ ಬಂದ ಭಾಷಣಕಾರರು ಆ ದಿನ ನಮ್ಮನ್ನು ನೆನೆಸಿ ಕಣ್ಣೊರೆಸಿಕೊಳ್ಳುತ್ತಾರೆ, 2ನೇ ತಾರೀಕು ಮರೆಯುತ್ತಾರೆ. ನನಗೆ ಈಗ ಇರುವ ಕೋರಿಕೆ ಬಹಳ ಸಣ್ಣದು. ನಮ್ಮ ಜಿಲ್ಲೆಯ ಕನ್ನಡ ಶಾಲೆಗಳಿಗೆ ಆಗಾಗ ಕನ್ನಡ ಓದಲು ಬಾರದ ಮಾಸ್ಟರರನ್ನು ಹಾಕುತ್ತಾರೆ. ಗಣಿತಕ್ಕೆ, ಸಮಾಜಕ್ಕೆ. ಮಕ್ಕಳು ಗೇಟಿನಲ್ಲಿ ಕೂತು ಪ್ರತಿಭಟನೆ ಮಾಡಬೇಕಾಗುತ್ತದೆ, ಆಮೇಲೆ ಬದಲಾಯಿಸುತ್ತಾರೆ, ಇನ್ನೊಂದು ವರ್ಷ ಇನ್ನೊಂದು ಶಾಲೆಯಲ್ಲಿ ಅದೇ. ರಾಜ್ಯ ಯಾವುದೇ ಇರಲಿ, ಕನ್ನಡ ಪೋಸ್ಟಿಗೆ ಕನ್ನಡ ಬರುವವರನ್ನು ಹಾಕಲಿ. ಅರ್ಜಿ ಕನ್ನಡದಲ್ಲಿ ಕೊಟ್ಟರೆ ಓದುವವರು ಆಫೀಸಿನಲ್ಲಿ ಒಬ್ಬರಾದರೂ ಇರಲಿ. ನಿಮ್ಮ ಕಡೆಯ ಯಾರಾದರೂ ಎಂಎಲ್‌ಎ ಮುಂದಿನ ನವೆಂಬರಿನಲ್ಲಿ ಇಲ್ಲಿಗೆ ಭಾಷಣಕ್ಕೆ ಹೊರಟರೆ ಇದಿಷ್ಟನ್ನು ಬರೆದು ಅವರ ಕೈಗೆ ಕೊಡಿ. ಕನ್ನಡದಲ್ಲೂ ಮಲಯಾಳದಲ್ಲೂ ನಾನೇ ಬರೆದು ಕೊಡುತ್ತೇನೆ ಬೇಕಾದರೆ.